ಸದ್ದಿಲ್ಲದ ಸರ್ವರ್

ನನ್ನ ಫೋಟೊ, ಕಡತಗಳನ್ನೆಲ್ಲ ಇಡಲು ಹಗಲೂ ರಾತ್ರಿ ಓಡುವ ಪುಟ್ಟ ಸರ್ವರ್ ಒಂದು ಮನೆಗೆ ಬೇಕಿತ್ತು. ಮೂಡುಬಿದಿರೆಯ ಕಂಪ್ಯೂಟರ್ ಅಂಗಡಿಯ ಹಮೀದ್ ಅವರಿಗೆ ನಾನು ಹಾಕಿದ ಷರತ್ತು ಒಂದೇ: ಸದ್ದು ಕೇಳಿಸಬಾರದು. ಅವರು ಸಣ್ಣ ಬೋರ್ಡು, ಸಣ್ಣ ಕ್ಯಾಬಿನೆಟ್ಟು ಆರಿಸಿ, ನಿಧಾನವಾಗಿ ತಿರುಗುವ ಫ್ಯಾನ್ ಹಾಕಿದರು.

"ಫ್ಯಾನೇ ಇಲ್ಲದ್ದು ಬೇಕಾದ್ರೆ ಬೆಂಗಳೂರಿನಿಂದ ತರಿಸಬೇಕು ಸಾರ್. ರೇಟು ಮೂರು ಪಟ್ಟು."

"ಅಗತ್ಯವಿದ್ದರೆ ಕೊಡುತ್ತೇನೆ. ಬಜೆಟ್‌ನಲ್ಲಿ ಅದಕ್ಕೂ ಜಾಗ ಇಟ್ಟಿದ್ದೇನೆ."

"ಮೊದಲು ಇದನ್ನು ಕೇಳಿ ನೋಡಿ. ಸದ್ದುಂಟಾ?"

ಹೊರಗೆ ಬಸ್ಸುಗಳ ಹಾರ್ನ್. ಇಲ್ಲಿ ಪರೀಕ್ಷೆ ಆಗುವುದಿಲ್ಲ ಎಂದೆ. "ಹಾಗಾದ್ರೆ ನಮ್ಮ ಮನೆಗೆ ಹೋಗುವ" ಎಂದು ತೋಡಾರಿಗೆ ಕರೆದೊಯ್ದರು. ಅಲ್ಲಿ ಮಿಕ್ಸಿ, ಟಿವಿ, ಮಕ್ಕಳ ಜಗಳ, ದುಬೈಯಲ್ಲಿರುವ ಮಗನೊಂದಿಗೆ ಫೋನಿನಲ್ಲಿ ಕೂಗಿ ಮಾತಾಡುವ ಅವರ ತಾಯಿ. ಪೆಟ್ಟಿಗೆಗೆ ಕಿವಿ ಹಚ್ಚಿದರೂ ಏನೂ ಕೇಳಿಸಲಿಲ್ಲ.

"ಪಾಸ್!" ಎಂದರು ಹಮೀದ್.

ನಾನು ಒಪ್ಪಲಿಲ್ಲ. ಇಡುವ ಜಾಗದಲ್ಲೇ ಪರೀಕ್ಷೆಯಾಗಬೇಕು. ಸರಿ, ನನ್ನ ಮನೆಗೆ ಬಂದು ಮೇಜಿನ ಮೇಲಿಟ್ಟು ಸ್ವಿಚ್ ಒತ್ತಿದರು. ಫ್ಯಾನಿನ ಗುಂಯ್, ಡಿಸ್ಕಿನ ಕಿರಕಿರ, ಎಲ್ಲ ಸ್ಪಷ್ಟ.

"ಕೇಳಿಸಿತಲ್ಲ?" ಎಂದೆ, ಗೆದ್ದವನಂತೆ.

ಹಮೀದ್ ಕೋಣೆಯಲ್ಲಿದ್ದ ಒಂದೇ ಕುರ್ಚಿಯನ್ನು ನೋಡಿದರು, ಆಮೇಲೆ ನನ್ನನ್ನು. "ಫ್ಯಾನಿಲ್ಲದ್ದೇ ತರಿಸ್ತೇನೆ ಸಾರ್, ನನಗೆ ಲಾಭವೇ. ಆದ್ರೆ ಈ ಮನೆಯಲ್ಲಿ ಇರುವೆ ನಡೆದ್ರೂ ಕೇಳಿಸ್ತದೆ ಮಾರಾಯ್ರೆ."

ಫ್ಯಾನ್ ಇದ್ದದ್ದನ್ನೇ ಇಟ್ಟುಕೊಂಡೆ. ಯಾರಾದರೂ ಕೇಳಿದರೆ ಬಜೆಟ್ ಮೀರುತ್ತಿತ್ತು ಎನ್ನಬೇಕೆಂದಿದ್ದೆ. ಈವರೆಗೆ ಯಾರೂ ಕೇಳದ ಕಾರಣ ಸುಳ್ಳು ಹೇಳುವ ಪ್ರಸಂಗ ಬಂದಿಲ್ಲ.