ವೈಪರಕ್ಕನ ಹದಿನೈದು ನಿಮಿಷದ ಮಳೆ

ಬೆಳಗಿನ ಐದೂವರೆ. ಪೆಟ್ರೋಲ್ ಬಂಕಿನ ಪಕ್ಕದ ತಗಡಿನ ಚಾವಣಿಯ ಕೆಳಗೆ ಬಿಳಿ ವ್ಯಾನೊಂದು ಬಾನೆಟ್ ತೆರೆದುಕೊಂಡು ನಿಂತಿದೆ. ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ವೈಪರ್ ಮೋಟಾರಿಗೆ ಒತ್ತಿ, ಅದರ ಹಿಡಿಗೆ ಕಿವಿಗೊಟ್ಟು ಬಾಗಿರುವವರು ಐವತ್ತೆರಡು ವರ್ಷದ ಹೆಂಗಸು. ಈ ರಸ್ತೆಯ ಚಾಲಕರಿಗೆಲ್ಲ ಅವರು ‘ವೈಪರಕ್ಕ’.

“ಮೋಟಾರ್ ಗುಂಡುಕಲ್ಲಿನ ಹಾಗಿದೆ. ಇದರದ್ದೇನೂ ತಪ್ಪಿಲ್ಲ,” ಎನ್ನುತ್ತಾರೆ.

ವ್ಯಾನಿನ ಚಾಲಕರ ಮುಖ ಇಳಿಯುತ್ತದೆ. “ಇದು ಎರಡನೇ ಹೊಸ ಮೋಟಾರು ಅಕ್ಕ. ಗ್ಯಾರೇಜಲ್ಲಿ ಓಡುತ್ತೆ. ಮಳೇಲಿ ಹತ್ತೇ ನಿಮಿಷಕ್ಕೆ ಕೈಕೊಡುತ್ತೆ.”

ವಾರಕ್ಕೆ ಮೂರು ದಿನ ಐವರನ್ನು ಡಯಾಲಿಸಿಸ್‌ಗೆ ಕರೆದೊಯ್ಯುವ ವ್ಯಾನ್ ಇದು. ಎಂಟು ಗಂಟೆಗೆ ಅವರು ಆಸ್ಪತ್ರೆಯಲ್ಲಿ ಇರಲೇಬೇಕು. ಮೊನ್ನೆ ಜಡಿಮಳೆಯಲ್ಲಿ ವೈಪರ್ ನಿಂತು, ಚಾಲಕರು ಕಿಟಕಿಯಿಂದ ತಲೆ ಹೊರಹಾಕಿ ಗಾಡಿ ಓಡಿಸಿದ್ದಾರೆ. ಎದುರು ಬಂದ ಲಾರಿ ಕೂದಲೆಳೆಯಲ್ಲಿ ತಪ್ಪಿದೆ. ಇವತ್ತೂ ಮೋಡ ಕವಿದಿದೆ, ಕೈಯಲ್ಲಿರುವುದು ಒಂದೇ ಗಂಟೆ.

ಮೋಟಾರಿನ ವಿಷಯದಲ್ಲಿ ವೈಪರಕ್ಕನ ಜೊತೆ ವಾದಕ್ಕಿಳಿಯುವುದು ದಂಡ. ಇಪ್ಪತ್ತೆರಡು ವರ್ಷ ಕಾರ್ಖಾನೆಯೊಂದರಲ್ಲಿ ಇವೇ ಮೋಟಾರುಗಳಿಗೆ ತಂತಿ ಸುತ್ತಿದ ಕೈ ಅದು. ಕಾರ್ಖಾನೆಗೆ ಬೀಗ ಬಿದ್ದಾಗ ಕೆಲವರು ಅತ್ತರು, ಕೆಲವರು ಜಗಳವಾಡಿದರು. ಇವರು ಎರಡನ್ನೂ ಮಾಡಿ, ಮರುವಾರವೇ ವೈಪರ್ ರಿಪೇರಿಗೆಂದು ಇಲ್ಲಿ ಬಂದು ಕೂತರು. ಮಳೆಗಾಲದಲ್ಲಿ ದಿನಕ್ಕೆ ಹದಿನಾರು ಗಾಡಿ, ಬೇಸಿಗೆಯಲ್ಲಿ ಎರಡು ಬಂದರೆ ಹೆಚ್ಚು. “ಹತ್ತು ಗಾಡೀಲಿ ಒಂದ್ರದ್ದು ಮೋಟಾರ್ ಹೋಗಿರುತ್ತೆ. ಮಿಕ್ಕ ಒಂಬತ್ರಲ್ಲಿ ಪಾಪ, ಬೇರೆ ತಪ್ಪನ್ನ ಅದರ ತಲೆಗೆ ಕಟ್ತಾರೆ ಅಷ್ಟೆ!”

ಹಾಗಂತ ಅವರಿಂದ ತಪ್ಪೇ ಆಗಿಲ್ಲ ಎಂದಲ್ಲ. ಮೊದಲ ವರ್ಷ, ಮೋಟಾರು ತನ್ನ ವಿರಾಮದ ಜಾಗಕ್ಕೆ ಬಂದು ನಿಲ್ಲುವ ಮುನ್ನವೇ ಅವಸರದಲ್ಲಿ ವೈಪರ್ ಕಡ್ಡಿಗಳನ್ನು ಬಿಗಿದುಬಿಟ್ಟರು. ಸ್ವಿಚ್ ಒತ್ತಿದ್ದೇ ತಡ, ಎರಡೂ ಒಂದಕ್ಕೊಂದು ತೊಡರಿ, ಒಂದು ಮುರಿದು ಗಾಜು ಸೀಳಿತು. ಹೊಸ ಗಾಜು ಹಾಕಿಸಿಕೊಟ್ಟ ಮೇಲೂ ಆ ನಾಚಿಕೆ ಹೋಗಿಲ್ಲ. ಅಂದಿನಿಂದ ಕಡ್ಡಿ ಬಿಚ್ಚುವ ಮೊದಲು ಅದು ಮಲಗಿದ್ದ ಜಾಗಕ್ಕೆ ಗಾಜಿನ ಮೇಲೆ ಟೇಪು ಅಂಟಿಸುತ್ತಾರೆ. ಮೋಟಾರನ್ನು ಬರಿದೇ ಓಡಿಸಿ, ತಾನಾಗಿ ನಿಂತ ಮೇಲೆಯೇ ಕಡ್ಡಿಗೆ ಕೈ ಹಾಕುತ್ತಾರೆ.

ಇವತ್ತೂ ಅಷ್ಟೆ. ಟೇಪು ಅಂಟಿಸಿ, ಕಡ್ಡಿ ಬಿಚ್ಚಿ, ಗಾಜಿನ ಬುಡದ ಪ್ಲಾಸ್ಟಿಕ್ ಜಾಲರಿಯನ್ನು ಎತ್ತುತ್ತಾರೆ. ಒಳಗೆ ಕೈಯಾಡಿಸಿದರೆ ಬರುವುದು ಕೊಳೆತ ಎಲೆ, ಬೊಗಸೆಗಟ್ಟಲೆ. ನೀರು ಹರಿದುಹೋಗುವ ತೂತು ಪೂರಾ ಮುಚ್ಚಿಹೋಗಿದೆ. ಮಳೆನೀರು ಅಲ್ಲೇ ನಿಂತು, ಏರಿ, ಮೋಟಾರಿನ ವೈರುಗಳನ್ನು ಮುಳುಗಿಸುತ್ತಿದೆ. ಮೋಟಾರು ಬದಲಿಸಿದವರಾರೂ ಈ ಹಳ್ಳಕ್ಕೆ ಕೈ ಹಾಕಿಲ್ಲ.

“ಗಾಡಿ ಎಲ್ಲಿ ನಿಲ್ಲಿಸ್ತೀರಿ?”

“ಮರದ ಕೆಳಗೆ. ಬಿಸಿಲಿಗೆ ಸೀಟು ಕಾದ್ರೆ ಪೇಷೆಂಟುಗಳಿಗೆ ವಾಪಸ್ ಬರುವಾಗ ಕೂರೋಕಾಗಲ್ಲ ಅಕ್ಕ.”

ಬೈಯಲು ಹೊರಟ ವೈಪರಕ್ಕ ಮಾತು ಬದಲಿಸುತ್ತಾರೆ. “ಅಲ್ಲೇ ನಿಲ್ಲಿಸಿ. ವಾರಕ್ಕೊಂದ್ಸಲ ಇಲ್ಲಿ ಕೈಯಾಡಿಸಿ, ಸಾಕು.”

ಹಸಿರುಗಟ್ಟಿದ ವೈರಿನ ತುದಿಗಳನ್ನು ಉಪ್ಪುಕಾಗದದಿಂದ ತಿಕ್ಕಿ ಒಣಗಿಸಿ, ಗ್ರೀಸು ಸವರಿ ಜೋಡಿಸುತ್ತಾರೆ. ಕಡ್ಡಿಗಳು ಟೇಪಿನ ಗುರುತಿಗೆ ಸರಿಯಾಗಿ ಕೂರುತ್ತವೆ. ಆದರೂ ಗಾಡಿಯ ಕೀ ಕೊಡುವುದಿಲ್ಲ. ಗಾಜಿನ ಮೇಲೆ ಹದಿನೈದು ನಿಮಿಷದ ಮಳೆ ಸುರಿಸಿ ನೋಡುವುದು ಬಾಕಿ ಇದೆ. ಗಿಡಕ್ಕೆ ನೀರುಣಿಸುವ ಝಾರಿ ಹಿಡಿದು ಸ್ಟೂಲಿನ ಮೇಲೆ ನಿಲ್ಲುವವರು ಅವರ ಗಂಡ.

“ಕೂತ್ಕೊಂಡು ಕಾಫಿ ಕುಡಿಯೋ ವಯಸ್ಸಲ್ಲಿ ಇವಳು ನನ್ನನ್ನ ಮೋಡ ಮಾಡಿದಾಳೆ,” ಎಂದು ಗೊಣಗುತ್ತಾರೆ.

“ಗುಡುಗೋದು ಬಿಟ್ಟು ಸುರೀರಿ,” ಎನ್ನುತ್ತಾರೆ ವೈಪರಕ್ಕ.

ಝಾರಿ ಮತ್ತೆ ಮತ್ತೆ ತುಂಬಿ ಬರಿದಾಗುತ್ತದೆ. ಹತ್ತು ನಿಮಿಷ ಕಳೆಯುತ್ತದೆ. ಚಾಲಕರು ನಿಮಿಷ ಎಣಿಸುತ್ತಾರೆ. ಹನ್ನೆರಡು. ಹದಿನೈದು. ವೈಪರ್ ಆಡುತ್ತಲೇ ಇದೆ, ನೀರು ತೂತಿನಿಂದ ಸಲೀಸಾಗಿ ಕೆಳಗಿಳಿಯುತ್ತಿದೆ.

ವ್ಯಾನ್ ಹೊರಟ ಅರ್ಧ ಗಂಟೆಗೆ ನಿಜವಾದ ಮಳೆ ಧೋ ಎಂದು ಸುರಿಯುತ್ತದೆ. ಇನ್ನೊಂದು ಕಾರಿನ ಕೆಲಸ ಹಿಡಿದಿದ್ದರೂ ವೈಪರಕ್ಕನ ಕಣ್ಣು ಮೊಬೈಲಿನ ಮೇಲೆಯೇ. ಎಂಟಕ್ಕೆ ಹತ್ತು ನಿಮಿಷವಿರುವಾಗ ಅದು ರಿಂಗಾಗುತ್ತದೆ.

“ಐದೂ ಜನ ಇಳಿದ್ರು ಅಕ್ಕ. ವೈಪರ್ ಒಂದ್ಸಲಾನೂ ನಿಲ್ಲಲಿಲ್ಲ. ಮುಂದಿನ ಸೀಟಿನ ಅಜ್ಜಿ ಇದಾರಲ್ಲ, ದಾರಿಯುದ್ದಕ್ಕೂ ಗೊರಕೆ ಹೊಡೀತಿದ್ರು. ಇಳಿಯುವಾಗ, ಹೊರಗೆ ಮಳೆ ಬರ್ತಿತ್ತಾ ಅಂತ ನನ್ನನ್ನೇ ಕೇಳಿದ್ರು!”

ವೈಪರಕ್ಕ ಫೋನು ಕೆಳಗಿಡುತ್ತಾರೆ. ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಕೆಲಸಕ್ಕೆ ಬಾಗುತ್ತಾರೆ.

“ವ್ಯಾನಿನ ಅಜ್ಜಿ ಮಳೇಲೂ ನಿದ್ದೆ ಮಾಡಿದ್ರಂತೆ ಕಣ್ರೀ,” ಎನ್ನುತ್ತಾರೆ ಗಂಡನಿಗೆ. “ಕೆಲಸ ಸರಿಯಾಗಿದೆ ಅಂದ್ರೆ ಅದೇ.”