ಭಾವನವರ ಚಿಪ್ಲಿ ಮತ್ತು ಅಮೆರಿಕದ ಗುರುಪರಂಪರೆ

ಬೆಳಗಿನ ಪೂಜೆ ಮುಗಿಸಿ ಚಿಪ್ಲಿಗೆ ಕೊಬ್ಬರಿ ಎಣ್ಣೆ ಸವರುತ್ತಿದ್ದೆ. ಭಜನೆಯಲ್ಲಿ ಬೆರಳುಗಳ ನಡುವೆ ಹಿಡಿದು ತಾಳ ಹಾಕುವ ಈ ಜೋಡಿ ಮರದ ತುಂಡುಗಳಿಗೆ ಎಣ್ಣೆ ತಾಗಿದೊಡನೆ ಒಂದು ಹಳೆಯ ಪರಿಮಳ ಏಳುತ್ತದೆ. ಅಷ್ಟರಲ್ಲಿ ವಕೀಲಿ ಓದುತ್ತಿರುವ ಮೈಥಿಲಿ, ನನ್ನ ಅಕ್ಕನ ಮೊಮ್ಮಗಳು, ಫೋನಿನಿಂದ ಕಣ್ಣೆತ್ತದೆಯೇ ಕೂಗಿದಳು: “ತಾತಾ, ನಮ್ಮ ಕೋಚ್ಚೈ ತೂಕ್ಕಿಟ್ಟಾಂಗ!”

ಕೋಚನ್ನು ಎತ್ತಿಬಿಟ್ಟರಂತೆ; ಅಂದರೆ ಮನೆಗೆ ಕಳಿಸಿದರಂತೆ. ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರಿಸುವುದು ಈ ಹುಡುಗಿಯ ಸಂಪ್ರದಾಯ. ‘ನಮ್ಮ’ ಎಂದು ಆಕೆ ಅಷ್ಟು ಮಮತೆಯಿಂದ ಹೇಳಿದ್ದು ಸಮುದ್ರದಾಚೆಯ ಒಂದು ಅಮೆರಿಕನ್ ಫುಟ್‌ಬಾಲ್ ತಂಡವನ್ನು. ಅದು ಆಕೆಗೆ ಪಿತ್ರಾರ್ಜಿತ; ಅಜ್ಜನಿಂದ, ಎಂದರೆ ನನ್ನ ಭಾವನವರಿಂದ ಬಂದದ್ದು.

ಭಾವನವರು ಮದರಾಸಿನ ಪ್ಯಾರೀಸ್ ಕಾರ್ನರಿನ ಹಡಗು ಕಂಪನಿಯೊಂದರಲ್ಲಿ ಅಧಿಕಾರಿಗಳಾಗಿದ್ದರು. ಅಮೆರಿಕದ ನಾವಿಕರು ಬಿಟ್ಟುಹೋದ ಪತ್ರಿಕೆಗಳನ್ನು ಓದಿ ಓದಿ ಆ ತಂಡಕ್ಕೆ ಮನಸೋತರು. ಆಟದ ನಿಯಮ ಅವರಿಗೆ ಕಡೆಯವರೆಗೂ ಅರ್ಥವಾಗಲಿಲ್ಲವೆಂದು ನನ್ನ ಬಲವಾದ ಗುಮಾನಿ. ಅವರನ್ನು ಸೆಳೆದದ್ದು ಕೋಚುಗಳ ಚರಿತ್ರೆ. ಸಾಯಂಸಂಧ್ಯೆ ಮುಗಿಸಿ, ನಾವು ಗುರುಪರಂಪರೆಯನ್ನು ಸ್ಮರಿಸುವ ಅದೇ ಗಾಂಭೀರ್ಯದಿಂದ, ಆದಿಪುರುಷರಿಂದ ಆರಂಭಿಸುತ್ತಿದ್ದರು. ಮೊದಲನೆಯವರು ಹಿಮದಲ್ಲಿ ಬರಿಗೈಯಲ್ಲಿ ಅಭ್ಯಾಸ ಮಾಡಿಸಿದ ಉಗ್ರರು. ಅವರ ಶಿಷ್ಯರು ಒಂದೇ ವರ್ಷಕ್ಕೆ ವಜಾ. ಮತ್ತೊಬ್ಬರನ್ನು ಓಡಿಸಿ, ಪಶ್ಚಾತ್ತಾಪಪಟ್ಟು, ಪುನಃ ಕರೆತಂದು, ಪುನಃ ಓಡಿಸಿದರು. ಇನ್ನೊಬ್ಬ ಪಾಪದವರು ತಮ್ಮ ವಜಾ ಸುದ್ದಿಯನ್ನು ಕಾರಿನ ರೇಡಿಯೋದಲ್ಲಿ ಕೇಳಿದರು.

“ನಮ್ಮಲ್ಲಿ ಗುರುಗಳು ವೃಂದಾವನಸ್ಥರಾಗ್ತಾರೆ, ಅಲ್ಲಿ ವಜಾ ಆಗ್ತಾರೆ. ಅಷ್ಟೇ ವ್ಯತ್ಯಾಸ,” ಎನ್ನುತ್ತಿದ್ದರು ಭಾವ. ದೊಡ್ಡ ಪಂದ್ಯ ಗೆದ್ದ ದಿನ ಶಿಷ್ಯರೆಲ್ಲ ಸೇರಿ ಕೋಚಿನ ತಲೆಯ ಮೇಲೆ ಕೊಳಗಟ್ಟಲೆ ತಣ್ಣನೆಯ ಪಾನೀಯ ಸುರಿಯುವರೆಂದು ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು. “ಅಭಿಷೇಕ ಕಣೋ, ಸಾಕ್ಷಾತ್ ಅಭಿಷೇಕ!” ಆ ಹೊತ್ತಿಗೆ ನಾನು ಚಪ್ಪಲಿ ಹುಡುಕುತ್ತಿರುತ್ತಿದ್ದೆ.

ಇದೇ ಭಾವನವರು ನಮ್ಮ ಬೀದಿಯ ಭಜನಾ ಮಂಡಳಿಗೆ ಮುಖ್ಯಸ್ಥರು. ಮುಂದೆ ನಿಂತು ಹಾಡುವವರ ಕೈಯಲ್ಲಿ ಚಿಪ್ಲಿ. ಅದನ್ನು ಯಾರೂ ಕಸಿದುಕೊಳ್ಳುವಂತಿಲ್ಲ. ಹಿಡಿದವರೇ ಇನ್ನೊಬ್ಬರ ಕೈಯಲ್ಲಿಡಬೇಕು. ಇದು ಹಿರಿಯರು ಮಾಡಿಟ್ಟ ಕಟ್ಟಳೆ. ವಯಸ್ಸಾದಂತೆ ಭಾವನವರ ಕಿವಿ ಮಂದವಾಗಿ, ಶ್ರುತಿ ಜಾರತೊಡಗಿತು. ನಿವೃತ್ತರಾದ ಮೇಲೆ ಅವರ ಪ್ರಾಣವೆಲ್ಲ ಆ ಗುರುವಾರದ ಭಜನೆಯಲ್ಲಿಯೇ ಇದ್ದದ್ದು. ಹೇಳುವವರು ಯಾರು? “ನಿಮ್ಮ ಭಾವ ತಾನೇ, ನೀವೇ ಹೇಳ್ಬಿಡಿ,” ಎಂದು ಮಂಡಳಿಯವರು ನನ್ನನ್ನು ಮುಂದೆ ತಳ್ಳಿದರು. ಒಂದು ಮಾತು ತಪ್ಪಿದರೆ ಭಾವನವರ ಎದೆ ಒಡೆಯುತ್ತದೆ, ನನಗೆ ಅಕ್ಕನ ಮನೆಯ ಬಾಗಿಲೂ ಮುಚ್ಚುತ್ತದೆ.

ನಾನು ತರ್ಕ ಓದಿದವನು. ಉಪಾಯವಾಗಿ ಆರಂಭಿಸಿದೆ: “ಭಾವ, ನಿಮ್ಮ ಕೋಚುಗಳ ಕತೆ ಒಂದ್ಸಲ ಪೂರ್ತಿ ಹೇಳಿ, ಕೇಳೋಣ.”

ಅಡುಗೆಮನೆಯಿಂದ ಅಕ್ಕ ಇಣುಕಿದಳು. “ಏನೋ ಇದು, ನೀನಾಗೇ ಕೇಳ್ತಿದೀಯ? ಜ್ವರ ಗಿರ ಬಂದಿದೆಯಾ?”

ಭಾವನವರು ಪೂರ್ತಿ ಹೇಳಿದರು. ಸಾರು ಎರಡು ಸಲ ಬಿಸಿಯಾಗಿ ಆರಿತು. ರೇಡಿಯೋದಲ್ಲಿ ಕೇಳಿದವರ ಪ್ರಸಂಗಕ್ಕೆ ಬಂದಾಗ ತಟ್ಟನೆ ನಿಲ್ಲಿಸಿ ನನ್ನನ್ನೇ ನೋಡಿದರು.

“ಇಷ್ಟು ವರ್ಷ ನಾನು ಶುರು ಮಾಡಿದ್ರೆ ನೀನು ಎದ್ದು ಓಡ್ತಿದ್ದೆ. ಮಂಡಳಿಯೋರು ಕಳಿಸಿದ್ರಾ?”

ಓದಿದ ತರ್ಕವೆಲ್ಲ ಆವಿಯಾಯಿತು. ತಲೆ ತಗ್ಗಿಸಿದೆ.

“ಶ್ರುತಿ ಅಷ್ಟು ತಪ್ಪತ್ತಾ?”

“ಸ್ವಲ್ಪ, ಭಾವ.”

“ನಿಜ ಹೇಳೋ.”

“ಹಾರ್ಮೋನಿಯಂ ಪ್ಯಾರೀಸ್ ಕಾರ್ನರಲ್ಲಿದ್ರೆ ನೀವು ಊರಾಚೆ ಮಣಲಿಯಲ್ಲಿರ್ತೀರಿ.”

ಕೆಮ್ಮು ಬರುವವರೆಗೆ ನಕ್ಕರು. ಬಳಿಕ ಚಿಪ್ಲಿಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸವರುತ್ತಾ ಕುಳಿತರು. “ಶೆರಿ. ರೇಡಿಯೋದಲ್ಲಿ ಕೇಳೋದಕ್ಕಿಂತ ಭಾಮೈದನ ಬಾಯಲ್ಲಿ ಕೇಳೋದು ವಾಸಿ.”

ಮುಂದಿನ ಗುರುವಾರ ಒಂದು ಪದ ಹಾಡಿ, ಚಿಪ್ಲಿಯನ್ನು ನನ್ನ ಕೈಯಲ್ಲಿಟ್ಟು ಹಿಂದಿನ ಸಾಲಿಗೆ ಹೋದರು. ನಮ್ಮ ಮಂಡಳಿಯಲ್ಲಿ ಭಜನೆಯ ನಂತರ ಪಾನಕ ಹಂಚುವುದು ರೂಢಿ, ಋತು ಯಾವುದೇ ಇರಲಿ. ಮದರಾಸಿಗೆ ಇರುವುದು ಒಂದೇ ಋತು ತಾನೆ! ಲೋಟ ಹಿಡಿದ ಭಾವನವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: “ಅಭಿಷೇಕ ಗೆದ್ದೋರಿಗೆ ಮಾತ್ರ ಕಣೋ. ಮನೆಗೆ ಹೋಗೋರಿಗೆ ಏನೂ ಇಲ್ಲ.”

ಯಾವ ಶಾಸ್ತ್ರ ನನ್ನ ಕೈಯನ್ನು ಪ್ರೇರೇಪಿಸಿತೋ ತಿಳಿಯದು. ಸೌಟು ತುಂಬ ಪಾನಕವನ್ನೆತ್ತಿ ಅವರ ನೆತ್ತಿಯ ಮೇಲೆ ಸುರಿದೆ.

“ಅಯ್ಯಯ್ಯೋ, ಜರಿ ಉತ್ತರೀಯ! ಬೆಲ್ಲದ ನೀರು ಕಣೋ, ಇರುವೆ ಮುತ್ತತ್ತೆ!” ಎಂದು ಅಕ್ಕ ಚೀರಿದಳು. ಭಾವನವರು ಮಾತ್ರ ಕಣ್ಣು ಮುಚ್ಚಿ ಮೀಸೆಯಿಂದ ಇಳಿದ ಪಾನಕವನ್ನು ಚಪ್ಪರಿಸಿ, “ಏಲಕ್ಕಿ ಸಾಲ್ದು,” ಎಂದರು.

ಅವರು ಈಗಿಲ್ಲ. ಚಿಪ್ಲಿ ನನ್ನಲ್ಲಿದೆ. ಇತ್ತೀಚೆಗೆ ನಾನು ಹಾಡುವಾಗ ಹಾರ್ಮೋನಿಯಂನವರು ಯಾಕೋ ಜೋರಾಗಿ ಶ್ರುತಿ ಹಿಡಿಯುತ್ತಾರೆ. ಜೊತೆಗೆ ಹಾಡುವ ಮೈಥಿಲಿ ನೆಲ ನೋಡುತ್ತಾಳೆ. ನನ್ನ ಕಿವಿಗೇನೋ ಎಲ್ಲವೂ ಸರಿಯಾಗಿಯೇ ಕೇಳುತ್ತದೆ. ಭಾವನವರ ಕಿವಿಗೂ ಹಾಗೆಯೇ ಕೇಳುತ್ತಿತ್ತಲ್ಲವೇ, ಓದುಗ ಮಿತ್ರರೇ?

“ಕೋಚ್‌ಗೆ ಸುದ್ದಿ ಯಾರು ಹೇಳಿದರಂತೆ?” ಎಂದು ಎಣ್ಣೆ ಸವರುವುದನ್ನು ನಿಲ್ಲಿಸಿ ಮೈಥಿಲಿಯನ್ನು ಕೇಳಿದೆ.

“ತೆರಿಯಲೈ ತಾತಾ.” ಗೊತ್ತಿಲ್ಲವಂತೆ.

ಇಂದು ಗುರುವಾರ. ಸಂಜೆ ಮೊದಲನೆಯ ಪದ ಮುಗಿದೊಡನೆ ಚಿಪ್ಲಿಯನ್ನು ಮೈಥಿಲಿಯ ಅಂಗೈಯಲ್ಲಿಟ್ಟೆ. ಆಕೆ ಬೆಚ್ಚಿ ನನ್ನನ್ನು ನೋಡಿದಳು. ನೋಡುತ್ತಲೇ ಹಾಡನ್ನು ಎತ್ತಿಕೊಂಡಳು. ಶ್ರುತಿ ಹಾರ್ಮೋನಿಯಂನ ಪಕ್ಕದಲ್ಲಿಯೇ ಬಂದು ಕುಳಿತಿತು. ನಾನು ಹಿಂದಿನ ಸಾಲಿಗೆ ಹೋಗಿ, ಪಾನಕದ ಕೊಳಗ ಎಲ್ಲಿದೆಯೆಂದು ಒಮ್ಮೆ ನೋಡಿಕೊಂಡು, ಜರಿ ಉತ್ತರೀಯವನ್ನು ತೆಗೆದು ಮಡಿಸಿ, ದೂರದಲ್ಲಿಟ್ಟು ಕುಳಿತೆ.