ಫ್ರಿಜ್ಜಿನಲ್ಲಿ ಕೈಲಾಸ

ಕಾಯವು ನಶ್ವರವೆಂದು ಬಲ್ಲವರು ಹೇಳಿದ್ದಾರೆ. ಅವರಾರಿಗೂ ಮೊಣಕೈ ಸಂದಿಯಲ್ಲಿ ಇಸುಬು ಇದ್ದಂತೆ ಕಾಣುವುದಿಲ್ಲ. ನನ್ನ ಕಾಯ ಹೋದರೂ ಅದರ ತುರಿಕೆ ಉಳಿಯುವ ಲಕ್ಷಣವಿತ್ತು.

ಹೀಗಿರಲು, ಇಸುಬಿರುವ ದೊಡ್ಡವರ ಮೇಲೆ ಹೊಸ ಇಂಜೆಕ್ಷನ್ ಪರೀಕ್ಷಿಸುತ್ತಿದ್ದ ರಾಯಚೂರಿನ ಒಂದು ಆಸ್ಪತ್ರೆಗೆ ನನ್ನನ್ನು ಒಪ್ಪಿಸಿಕೊಂಡೆ. ಸೂಜಿಯಲ್ಲಿರುವುದು ಔಷಧವೋ ಬರೀ ನೀರೋ ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಡಬ್ಬಿಯನ್ನು ಮಾನ್ವಿಯ ಮನೆಗೆ ಒಯ್ದು ಫ್ರಿಜ್ಜಿನಲ್ಲಿಟ್ಟು, ಹೇಳಿದ ದಿನ ನಾನೇ ಹೊಟ್ಟೆಗೆ ಚುಚ್ಚಿಕೊಳ್ಳಬೇಕು. ಬಿಸಿ ತಗಲಿದರೆ ಡಬ್ಬಿಯ ಮೇಲಿನ ಬಿಳಿ ಚುಕ್ಕೆ ಕೆಂಪಾಗುತ್ತದೆ.

ಬೇಸಿಗೆಗೆಂದು ದೇವದುರ್ಗದಿಂದ ಅಕ್ಕ ಬಂದಿದ್ದಳು. ಮನೆಗೆ ಹೊಸದೇನು ಬಂದರೂ ಮೊದಲು ದೇವರ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚುವುದು ನಮ್ಮಲ್ಲಿ ಪದ್ಧತಿ; ಮಿಕ್ಸಿಗೂ ಆಗಿತ್ತು, ಮೋಟಾರ್ ಸೈಕಲ್ಲಿಗೂ ಆಗಿತ್ತು. ಡಬ್ಬಿ ಇಡೀ ಹಗಲು ಜಗಲಿಯ ಮೇಲೆ ಕುಳಿತಿತ್ತು. ಸಂಜೆಗೆ ಚುಕ್ಕೆ ಕುಂಕುಮದಂತಿತ್ತು.

ಮರಳಿ ಒಯ್ದೆ. ಡಾಕ್ಟರು ಡಬ್ಬಿಯ ಮೇಲಿನ ವಿಭೂತಿ ನೋಡಿದರು.

"ಯಜಮಾನ್ರ, ಎಲ್ಲಿ ಇಟ್ಟಿದ್ರಿ ಇದನ್ನ?"

"ದೇವರ ಮುಂದರೀ."

"ದೇವರ ಹತ್ರ ತಂಪು ಇರಲಿಲ್ಲೇನ್ರಿ? ಇನ್ನೊಂದು ಕೆಂಪಾದ್ರ ನಿಮ್ಮನ್ನ ಪರೀಕ್ಷೆಯಿಂದ ತೆಗೀಬೇಕಾಗ್ತದ ನೋಡ್ರಿ."

ಹೊಸ ಡಬ್ಬಿಯೊಂದಿಗೆ ಬಂದು ಅಕ್ಕನಿಗೆ ತಿಳಿಸಿದೆ. ಅವಳು ವಿಚಾರ ಮಾಡಿದಳು.

"ಸೂಜಿ ದೇವ್ರ ಹತ್ರ ಬರಬಾರದಂದ್ರ, ದೇವ್ರೇ ಸೂಜಿ ಹತ್ರ ಹೋಗ್ತಾನ ತಗೋ."

ಶಿವನ ಚಿಕ್ಕ ಪಟ ಮೊಸರಿನ ಗಡಿಗೆಗೂ ಟೊಮೆಟೊಗೂ ನಡುವೆ ಸ್ಥಾಪಿತವಾಯಿತು. ಕೈಲಾಸದ ಚಳಿಗೆ ಒಗ್ಗಿದವನು. ಅವನ ಕಡೆಯಿಂದ ತಕರಾರು ಬರಲಿಲ್ಲ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಫ್ರಿಜ್ಜಿನ ಬಾಗಿಲು ಹಾರುಹೊಡೆದಿದೆ. ಅಕ್ಕ ಕರ್ಪೂರ ಹಚ್ಚಿ, ಒಂದು ನುಡಿಯನ್ನೂ ಬಿಡದೆ ಹಾಡುತ್ತ, ನಡುವಿನ ಹಲಗೆಗೆ ಮಂಗಳಾರತಿ ಎತ್ತುತ್ತಿದ್ದಾಳೆ.

"ಅಕ್ಕಾ, ಬಾಗ್ಲಾ ಹಾಕ. ಸೂಜಿ ಕಾಯ್ತದ."

"ಆರತಿ ನಡುವ ದೇವ್ರ ಮಕದ ಮ್ಯಾಲ ಬಾಗ್ಲಾ ಹಾಕಂತೀಯೇನಲೇ? ಅದಕ್ಕ ನಿನಗ ತುರಿಕಿ ಬಿಟ್ಟಿಲ್ಲ."

ಕೈ ಮುಗಿದು ನಿಂತೆ. ಒಂದು ಕಣ್ಣು ದೇವರ ಮೇಲೆ, ಇನ್ನೊಂದು ಚುಕ್ಕೆಯ ಮೇಲೆ. ಹಾಡು ಮುಗಿಯುವ ಹೊತ್ತಿಗೆ ಚುಕ್ಕೆ ತುಸು ಗುಲಾಬಿಯಾಗಿತ್ತು. ಅದನ್ನು ತೋರಿಸಿದ ಮೇಲೆ ಅಕ್ಕ ಒಂದು ಮೆಟ್ಟಿಲು ಇಳಿದಳು: ದರ್ಶನ ಒಳಗೆ, ಆರತಿ ಹೊರಗೆ. ಅಂದಿನಿಂದ ಮುಚ್ಚಿದ ಫ್ರಿಜ್ಜಿಗೇ ಪೂಜೆ. ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ ಅದರ ಮುಂದೆ ಚಪ್ಪಲಿ ಬಿಟ್ಟು, ಕೈ ಮುಗಿದು, ಆಮೇಲೆ ಮೊಸರು ಕೇಳಿದಳು.

ಆ ಚುಕ್ಕೆ ಕೆಂಪಾಗಲಿಲ್ಲ. ಪರೀಕ್ಷೆ ಮುಗಿಯಿತು. ಔಷಧವೋ ನೀರೋ ಇನ್ನೂ ತಿಳಿಸಿಲ್ಲ. ಮೊಣಕೈ ಈಗ ತುರಿಸುವುದಿಲ್ಲ.